ಭೂಕಂಪ ಸಂಶೋಧನೆಗೆ ಹೋಗುವ ಸಾರ್ವಜನಿಕ ಹಣಕ್ಕೆ ಬೆಲೆ ಕಟ್ಟುವುದು ಹೇಗೆ: ಮೈಸೂರು–ಮಂಡ್ಯದ ಲೆಕ್ಕ

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳು ಭೂಕಂಪದ ಅಪಾಯ ಕಡಿಮೆ ಇರುವ ಎರಡನೇ ವಲಯದಲ್ಲಿವೆ ಎಂಬ ಮಾತನ್ನು ಇಲ್ಲಿ ಮನೆ ಕಟ್ಟಿಸುವವರಲ್ಲಿ ಬಹಳ ಮಂದಿ ಎಂಜಿನಿಯರರ ಬಾಯಿಂದ ಕೇಳಿರುತ್ತಾರೆ. ಒಂದು ಸಾಲಿನ ಈ ಮಾತಿನ ಹಿಂದೆ ಹಲವು ದಶಕಗಳ ಅಳತೆ, ನಕ್ಷೆ, ಪ್ರಯೋಗ ಮತ್ತು ಕ್ಷೇತ್ರಾಧ್ಯಯನವಿದ್ದು, ಅದರ ಬಹುಪಾಲು ಖರ್ಚನ್ನು ತೆರಿಗೆದಾರರೇ ಕೊಟ್ಟಿದ್ದಾರೆ. ಹಾಗಾದರೆ ಭೂಮಿ ಅಪರೂಪಕ್ಕೆ ನಡುಗುವ ನಮ್ಮ ಸೀಮೆಗೆ ಆ ಖರ್ಚಿನಿಂದ ಏನು ಬಂತು, ಎಷ್ಟು ಬಂತು ಎಂದು ಕೇಳುವ ಹಕ್ಕು ನಮಗಿದೆ. ಆ ಪ್ರಶ್ನೆಗೆ ಘೋಷಣೆಯ ಉತ್ತರ ಸಾಲದು, ಅಂಕಿಗಳ ಉತ್ತರ ಬೇಕು. ಕಾಲೇಜಿನ ಅರ್ಥಶಾಸ್ತ್ರ ಅಥವಾ ಸಿವಿಲ್ ವಿಭಾಗದ ವಿದ್ಯಾರ್ಥಿ, ಗ್ರಾಮ ಪಂಚಾಯಿತಿಯ ಸದಸ್ಯ, ಮನೆ ಕಟ್ಟಿಸಲು ಹೊರಟ ಗೃಹಸ್ಥ, ಇವರಲ್ಲಿ ಯಾರು ಬೇಕಾದರೂ ಕಾಗದ, ಕ್ಯಾಲ್ಕುಲೇಟರ್ ಮತ್ತು ಒಂದು ಮನೆಯ ಅಂದಾಜುಪಟ್ಟಿ ಇಟ್ಟುಕೊಂಡು ಆ ಲೆಕ್ಕವನ್ನು ಮಾಡಬಹುದಾದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಪ್ರಶ್ನೆಯನ್ನು ಸರಿಯಾಗಿ ಇಟ್ಟುಕೊಳ್ಳುವುದು

ಸಂಶೋಧನೆಯ ಬೆಲೆಯನ್ನು ಪ್ರಬಂಧಗಳ ಸಂಖ್ಯೆಯಿಂದಾಗಲಿ, ಕೊಂಡ ಯಂತ್ರಗಳ ಸಂಖ್ಯೆಯಿಂದಾಗಲಿ ಅಳೆಯಲಾಗದು. ಒಂದು ತಿಳಿವಳಿಕೆಗೆ ಆರ್ಥಿಕ ಬೆಲೆ ಬರುವುದು ಅದು ಯಾರದಾದರೂ ತೀರ್ಮಾನವನ್ನು ಬದಲಿಸಿದಾಗ. ಆದ್ದರಿಂದ ಮೊದಲ ಕೆಲಸವೆಂದರೆ ಕಾಗದದ ಮೇಲೆ ಮೂರು ಅಂಕಣಗಳನ್ನು ಎಳೆದು, ಒಂದರಲ್ಲಿ ತೀರ್ಮಾನವನ್ನು, ಎರಡನೆಯದರಲ್ಲಿ ಈಗಿರುವ ತಿಳಿವಳಿಕೆಯಿಂದ ನಾವು ಏನು ಮಾಡುತ್ತಿದ್ದೇವೆ ಎಂಬುದನ್ನು, ಮೂರನೆಯದರಲ್ಲಿ ಆ ತಿಳಿವಳಿಕೆ ಇಲ್ಲದಿದ್ದರೆ ಏನು ಮಾಡುತ್ತಿದ್ದೆವು ಎಂಬುದನ್ನು ಬರೆಯುವುದು. ಎರಡನೆಯ ಮತ್ತು ಮೂರನೆಯ ಅಂಕಣಗಳಲ್ಲಿ ಒಂದೇ ಮಾತು ಬಂದರೆ ಆ ಸಾಲನ್ನು ಹೊಡೆದುಹಾಕಬೇಕು. ಅಲ್ಲಿ ಸಂಶೋಧನೆಗೆ ಬೆಲೆ ಇನ್ನೂ ಹುಟ್ಟಿಲ್ಲ.

ಮೂರನೆಯ ಅಂಕಣವನ್ನು ತುಂಬುವುದು ಕಷ್ಟ, ಏಕೆಂದರೆ ಆಗದೇ ಹೋದದ್ದನ್ನು ಊಹಿಸಬೇಕು. ಇಲ್ಲಿ ನಮಗೆ ಆಧಾರವಾಗಿ ಸಿಗುವುದು ಕಿಲ್ಲಾರಿ. ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಆ ಊರು ನಮ್ಮಂತೆಯೇ ಪುರಾತನ, ಸ್ಥಿರ ಎಂದು ಹೆಸರಾದ ದಖ್ಖನ್ ಪ್ರಸ್ಥಭೂಮಿಯಲ್ಲಿದ್ದು, ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಅಲ್ಲಿ ಆದ 6.2 ಪ್ರಮಾಣದ ಭೂಕಂಪದಲ್ಲಿ ಹತ್ತಿರ ಹತ್ತಿರ 10,000 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಭಾರದ ಮಾಳಿಗೆಯ ಕೆಳಗೆ ಮಲಗಿದ್ದವರು. ಆ ದುರಂತದ ಅಧ್ಯಯನದಿಂದ ಹೊರಬಂದ ಪಾಠವು ಭೂಕಂಪ ವಲಯಗಳನ್ನೂ ಕಟ್ಟಡ ವಿನ್ಯಾಸದ ನಿಯಮಗಳನ್ನೂ ಕೊಡುವ, 2002ರಲ್ಲಿ ಪರಿಷ್ಕೃತವಾದ ಐಎಸ್ 1893 ಎಂಬ ಭಾರತೀಯ ಮಾನಕದಲ್ಲಿ ಸೇರಿತು: ಒಂದನೇ ವಲಯವೆಂಬುದನ್ನೇ ತೆಗೆದು ಎರಡನೇ ವಲಯಕ್ಕೆ ಸೇರಿಸಲಾಯಿತು, ಕಿಲ್ಲಾರಿಯ ಪ್ರದೇಶ ಮೂರನೆಯ ವಲಯಕ್ಕೆ ಹೋಯಿತು. ಅಂದರೆ ದೇಶದ ಯಾವ ಭಾಗಕ್ಕೂ ಇಂದು ‘ಅಪಾಯವೇ ಇಲ್ಲ’ ಎಂಬ ಹಣೆಪಟ್ಟಿ ಇಲ್ಲ. ಮೂರನೆಯ ಅಂಕಣದಲ್ಲಿ ಏನು ಬರೆಯಬೇಕು ಎಂಬ ಗೊಂದಲವಾದಾಗ, 1993ಕ್ಕೆ ಮೊದಲು ಕಿಲ್ಲಾರಿಯ ಸುತ್ತ ಜನ ಹೇಗೆ ಮನೆ ಕಟ್ಟುತ್ತಿದ್ದರೋ ಅದನ್ನೇ ಬರೆಯಬಹುದು.

ಖರ್ಚಿನ ಕಡೆಯನ್ನು ಮೊದಲು ತುಂಬುವುದು

ಲಾಭವನ್ನು ಎಣಿಸುವ ಮೊದಲು ನಮ್ಮ ಪಾಲಿನ ಖರ್ಚು ಎಷ್ಟು ಎಂದು ತಿಳಿಯಬೇಕು. ದೇಶದಲ್ಲಿ ಭೂಕಂಪಗಳನ್ನು ದಾಖಲಿಸುವ ಹೊಣೆ ಕೇಂದ್ರದ ಭೂ ವಿಜ್ಞಾನ ಸಚಿವಾಲಯದ ಅಡಿಯಲ್ಲಿರುವ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ್ದು. ಈ ಸಚಿವಾಲಯದ ‘ಪೃಥ್ವಿ’ ಯೋಜನೆಗೆ 2021ರಿಂದ 2026ರವರೆಗಿನ ಅವಧಿಗೆ 4,797 ಕೋಟಿ ರೂಪಾಯಿಯನ್ನು ಕೇಂದ್ರ ಸಂಪುಟ 2024ರ ಜನವರಿಯಲ್ಲಿ ಒಪ್ಪಿತು. ಹವಾಮಾನ, ಸಾಗರ, ಧ್ರುವ ಪ್ರದೇಶ, ತರಬೇತಿ ಇವೆಲ್ಲ ಸೇರಿದ ಐದು ಉಪಯೋಜನೆಗಳಲ್ಲಿ ಭೂಕಂಪ ಮತ್ತು ಭೂವಿಜ್ಞಾನದ್ದು ಒಂದು ಮಾತ್ರ. ಅದರ ಪಾಲನ್ನು ಬೇರ್ಪಡಿಸುವ ಗೋಜಿಗೆ ಹೋಗದೆ ಮೊದಲು ಇಡೀ ಮೊತ್ತವನ್ನೇ ಗರಿಷ್ಠ ಮಿತಿಯೆಂದು ಹಿಡಿಯೋಣ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 960 ಕೋಟಿ, ಅದನ್ನು 140 ಕೋಟಿ ಜನರಿಗೆ ಹಂಚಿದರೆ ತಲೆಗೆ ವರ್ಷಕ್ಕೆ 7 ರೂಪಾಯಿಗಿಂತ ತುಸು ಕಡಿಮೆ. 2011ರ ಜನಗಣತಿಯಂತೆ ಮೈಸೂರು ಜಿಲ್ಲೆಯಲ್ಲಿ ಸುಮಾರು 30 ಲಕ್ಷ, ಮಂಡ್ಯ ಜಿಲ್ಲೆಯಲ್ಲಿ ಸುಮಾರು 18 ಲಕ್ಷ ಜನರಿದ್ದರು. ಎರಡೂ ಜಿಲ್ಲೆಗಳ ಒಟ್ಟು ಪಾಲು ವರ್ಷಕ್ಕೆ 3.3 ಕೋಟಿ ರೂಪಾಯಿಯಷ್ಟಾಗುತ್ತದೆ. ನಾಲ್ವರ ಒಂದು ಮನೆಗೆ ವರ್ಷಕ್ಕೆ 27 ರೂಪಾಯಿ.

ಇದರ ಜೊತೆಗೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, 1960ರಿಂದ ಭೂಕಂಪ ಎಂಜಿನಿಯರಿಂಗ್ ಕಲಿಸುತ್ತಿರುವ ರೂರ್ಕಿಯ ಐಐಟಿ, ಕಾನ್ಪುರದ ಐಐಟಿ, ಹಾಗೂ ನಮ್ಮ ರಾಜ್ಯದಲ್ಲಿ ಭೂಕಂಪನ ಮಾಪಕಗಳನ್ನು ನಡೆಸುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಇವುಗಳ ಖರ್ಚೂ ಇದೆ. ಪೃಥ್ವಿ ಯೋಜನೆಯಲ್ಲಿ ಮಳೆ, ಚಂಡಮಾರುತಗಳ ಲೆಕ್ಕವೇ ದೊಡ್ಡದಿರುವುದರಿಂದ, ಭೂಕಂಪಕ್ಕೆಂದು ಎಲ್ಲ ಕಡೆಯಿಂದ ಹೋಗುವ ಹಣ ಈ 27 ರೂಪಾಯಿಯೊಳಗೆ ಅಡಗುತ್ತದೆ ಎಂದು ಹಿಡಿದು ಮುಂದುವರಿಯುವುದು ಸಮಂಜಸವೆಂದು ನನ್ನ ಅಭಿಪ್ರಾಯ. ಒಪ್ಪದವರು ಇದನ್ನು ದುಪ್ಪಟ್ಟು ಮಾಡಿಕೊಂಡು ಲೆಕ್ಕ ಮಾಡಲಿ, ಕ್ರಮ ಬದಲಾಗುವುದಿಲ್ಲ.

ಒಂದು ಮನೆಯ ಲೆಕ್ಕ

ಈಗ ಲಾಭದ ಕಡೆ. ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನದಲ್ಲಿ 24 ಅಡಿ ಅಗಲ, 32 ಅಡಿ ಉದ್ದದ, ಇಟ್ಟಿಗೆ ಗೋಡೆಯ ಒಂದಂತಸ್ತಿನ ಮನೆಯನ್ನು ಊಹಿಸಿಕೊಳ್ಳಿ. ಮಂಡ್ಯದ ಹೊಸ ಬಡಾವಣೆಗಳಲ್ಲಿ ಇಂಥ ಮನೆಗಳು ಎಷ್ಟು ಬೇಕಾದರೂ ಸಿಗುತ್ತವೆ. ಭೂಕಂಪ ಎಂಜಿನಿಯರಿಂಗ್ ಸಂಶೋಧನೆ ಇಂಥ ಮನೆಗೆ ಕೊಟ್ಟ ಮುಖ್ಯ ಸಲಹೆಯೆಂದರೆ, ಬಾಗಿಲು ಕಿಟಕಿಗಳ ಮೇಲಷ್ಟೇ ತುಂಡು ಲಿಂಟಲ್ ಹಾಕುವ ಬದಲು ಎಲ್ಲ ಗೋಡೆಗಳ ಮೇಲೂ ಕಡಿಯದೆ ಸುತ್ತಿ ಬರುವ ಕಾಂಕ್ರೀಟ್ ಪಟ್ಟಿಯನ್ನು ಹಾಕುವುದು. ನೆಲ ಅಡ್ಡಡ್ಡ ಅಲುಗಿದಾಗ ಗೋಡೆಗಳು ಮೂಲೆಯಲ್ಲಿ ಬಿಟ್ಟುಕೊಂಡು ಒಂದೊಂದಾಗಿ ಹೊರಕ್ಕೆ ಬೀಳುತ್ತವೆ. ಪಟ್ಟಿಯು ಅವನ್ನು ಒಂದಕ್ಕೊಂದು ಕಟ್ಟಿ ಮನೆಯನ್ನು ಒಂದು ಪೆಟ್ಟಿಗೆಯಂತೆ ಅಲುಗುವ ಹಾಗೆ ಮಾಡುತ್ತದೆ. ಐಎಸ್ 4326 ಎಂಬ ಮಾನಕ ಈ ಪಟ್ಟಿಯ ವಿವರವನ್ನು ಕೊಡುತ್ತದೆ. ಕಿಲ್ಲಾರಿಯ ನಂತರದ ಪುನರ್ನಿರ್ಮಾಣದಲ್ಲೂ, 2001ರ ಗುಜರಾತ್ ಭೂಕಂಪದ ನಂತರದ ಮನೆಗಳಲ್ಲೂ ಇಂಥ ಪಟ್ಟಿಗಳಿಗೆ ಒತ್ತು ಕೊಡಲಾಯಿತು.

ಖರ್ಚು ಹೀಗೆ ತೆಗೆಯಬೇಕು. ಹೊರಗೋಡೆಯ ಸುತ್ತಳತೆ 112 ಅಡಿ, ಒಳಗೋಡೆ ಸುಮಾರು 60 ಅಡಿ, ಒಟ್ಟು 172 ಅಡಿ, ಎಂದರೆ 52 ಮೀಟರ್. ಒಂಬತ್ತು ಇಂಚಿನ ಗೋಡೆಯ ಮೇಲೆ 75 ಮಿಲಿಮೀಟರ್ ದಪ್ಪದ ಪಟ್ಟಿ ಹಾಕಿದರೆ ಸುಮಾರು 0.9 ಘನ ಮೀಟರ್ ಕಾಂಕ್ರೀಟ್ ಬೇಕು. ಉದ್ದಕ್ಕೂ 8 ಮಿಲಿಮೀಟರಿನ ಎರಡು ಕಂಬಿ ಓಡಿಸಿದರೆ, ಮೀಟರಿಗೆ 0.395 ಕಿಲೋದಂತೆ 41 ಕಿಲೋ. ಅಡ್ಡ ಕೊಂಡಿ ಮತ್ತು ಜೋಡಣೆಯ ಹೆಚ್ಚುವರಿ ಸೇರಿ 60 ಕಿಲೋ ಎನ್ನೋಣ. ಕಾಂಕ್ರೀಟಿಗೆ ಘನ ಮೀಟರಿಗೆ 7,000, ಕಂಬಿಗೆ ಕಿಲೋಗೆ 70, ಸೆಂಟ್ರಿಂಗ್ ಮತ್ತು ಕೂಲಿಗೆ ಮೀಟರಿಗೆ 150 ರೂಪಾಯಿ ಹಿಡಿದರೆ ಒಟ್ಟು ಸುಮಾರು 18,000 ರೂಪಾಯಿ. ದರಗಳು ನನ್ನ ಊಹೆ. ನಿಮ್ಮ ಊರಿನ ಮೇಸ್ತ್ರಿಯನ್ನು ಕೇಳಿ ಇಂದಿನ ದರ ಹಾಕಿಕೊಳ್ಳಬೇಕು. ಬಾಗಿಲು ಕಿಟಕಿಗಳ ಮೇಲೆ ಲಿಂಟಲ್ ಹೇಗೂ ಬರಲೇಬೇಕಾದ್ದರಿಂದ, ಮೂರನೇ ಒಂದು ಭಾಗವನ್ನು ಕಳೆದು, ಭೂಕಂಪಕ್ಕಾಗಿಯೇ ಆದ ಹೆಚ್ಚುವರಿ ಖರ್ಚು 12,000 ರೂಪಾಯಿ ಎಂದು ಬರೆಯುವುದು ನ್ಯಾಯ. ಹೆಚ್ಚುವರಿ ಖರ್ಚನ್ನು ಹೀಗೆ ಬೇರ್ಪಡಿಸದೆ ಪೂರ್ತಿ ಖರ್ಚನ್ನು ಭೂಕಂಪದ ತಲೆಗೆ ಕಟ್ಟಿದರೆ ಲೆಕ್ಕದ ಫಲಿತಾಂಶವೇ ಬದಲಾಗುತ್ತದೆ ಎಂಬುದನ್ನು ಕೆಳಗೆ ನೋಡಬಹುದು.

ಲಾಭವನ್ನು ‘ನಿರೀಕ್ಷಿತ ನಷ್ಟ’ದ ಮೂಲಕ ಎಣಿಸುತ್ತಾರೆ: ಒಂದು ವರ್ಷದಲ್ಲಿ ಘಟನೆ ಆಗುವ ಸಂಭವವನ್ನು ಆದಾಗ ಆಗುವ ನಷ್ಟದಿಂದ ಗುಣಿಸುವುದು. ವರ್ಷಕ್ಕೆ 500ರಲ್ಲಿ ಒಂದು ಪಾಲು, ಎಂದರೆ 0.2 ಶೇಕಡಾ ಸಂಭವ ಹಿಡಿಯೋಣ. 50 ವರ್ಷದ ಅವಧಿಯಲ್ಲಿ ಇದು 10 ಶೇಕಡಾಕ್ಕೆ ಹತ್ತಿರ ಬರುತ್ತದೆ, ಭೂಕಂಪ ಎಂಜಿನಿಯರಿಂಗಿನಲ್ಲಿ ರೂಢಿಯಲ್ಲಿರುವ ಮಟ್ಟವೂ ಅದೇ. ಮನೆಯ ಬೆಲೆ 20 ಲಕ್ಷ. ಪಟ್ಟಿ ಇಲ್ಲದಿದ್ದರೆ 30 ಶೇಕಡಾ, ಇದ್ದರೆ 10 ಶೇಕಡಾ ಹಾನಿಯೆಂದರೆ ಉಳಿಯುವುದು 4 ಲಕ್ಷ. ಅದನ್ನು 0.002ರಿಂದ ಗುಣಿಸಿದರೆ ವರ್ಷಕ್ಕೆ 800 ರೂಪಾಯಿ. ಮುಂದಿನ ವರ್ಷಗಳ ಉಳಿತಾಯಕ್ಕೆ ಇಂದಿನ ಬೆಲೆ ಕಟ್ಟಲು 6 ಶೇಕಡಾ ಬಡ್ಡಿ ಮತ್ತು 50 ವರ್ಷಕ್ಕೆ 15.76 ಎಂಬ ಗುಣಕವನ್ನು (50 ವರ್ಷ ಪ್ರತಿವರ್ಷ ಸಿಗುವ ಒಂದೊಂದು ರೂಪಾಯಿಯ ಇಂದಿನ ಒಟ್ಟು ಬೆಲೆ) ಬಳಸಿದರೆ 12,600 ರೂಪಾಯಿ ಬರುತ್ತದೆ. ಬಡ್ಡಿಯನ್ನು 10 ಶೇಕಡಾ ಹಿಡಿದರೆ ಗುಣಕ 9.91ಕ್ಕೆ ಇಳಿದು ಲಾಭ 8,000ದ ಆಸುಪಾಸಿಗೆ ಬರುತ್ತದೆ, 3 ಶೇಕಡಾ ಹಿಡಿದರೆ 25.73ಕ್ಕೆ ಏರಿ 20,000 ದಾಟುತ್ತದೆ. ನಿಧಾನವಾಗಿ ಬರುವ ಅಪಾಯಗಳ ಲೆಕ್ಕದಲ್ಲಿ ಬಡ್ಡಿದರವೇ ಅರ್ಧ ತೀರ್ಪು ಕೊಟ್ಟುಬಿಡುತ್ತದೆ, ಆದ್ದರಿಂದ ಯಾರದಾದರೂ ಲೆಕ್ಕವನ್ನು ಓದುವಾಗ ಮೊದಲು ನೋಡಬೇಕಾದದ್ದು ಅದನ್ನೇ.

ಹೀಗೆ ಆಸ್ತಿಯ ನಷ್ಟವೊಂದನ್ನೇ ಎಣಿಸಿದರೆ 12,000 ಖರ್ಚಿಗೆ 12,600 ಲಾಭ, ಹೆಚ್ಚುಕಡಿಮೆ ಸಮ. 18,000 ಪೂರ್ತಿಯನ್ನು ಎಣಿಸಿದ್ದರೆ ನಷ್ಟದ ಬಾಬತ್ತು ಎನಿಸುತ್ತಿತ್ತು. ಇನ್ನು ಸಾಮಾನುಗಳ ಹಾನಿ ಮತ್ತು ದುರಸ್ತಿಯಾಗುವವರೆಗಿನ ಬಾಡಿಗೆಗೆ 2 ಲಕ್ಷ, ಗಾಯಾಳುಗಳ ಚಿಕಿತ್ಸೆ ಮತ್ತು ದುಡಿಮೆಯ ನಷ್ಟಕ್ಕೆ 3 ಲಕ್ಷ ಸೇರಿಸಿದರೆ ಉಳಿತಾಯ 9 ಲಕ್ಷವಾಗಿ ವರ್ಷಕ್ಕೆ 1,800 ರೂಪಾಯಿಗೆ ಏರುತ್ತದೆ. ಪಟ್ಟಿಯ 12,000ವನ್ನು ಅದೇ ಗುಣಕದಿಂದ ವರ್ಷಕ್ಕೆ ಹಂಚಿದರೆ 760. ನಿವ್ವಳ ಲಾಭ ಸುಮಾರು 1,000. ಜೀವಕ್ಕೆ ಬೆಲೆ ಕಟ್ಟುವ ವಿಧಾನಗಳು ಅರ್ಥಶಾಸ್ತ್ರದಲ್ಲಿವೆಯಾದರೂ ನಾನು ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಬಿಟ್ಟೂ ಲೆಕ್ಕ ನಿಲ್ಲುತ್ತದೆಯೇ ಎಂದು ನೋಡುವುದು ಹೆಚ್ಚು ಬಿಗಿಯಾದ ಪರೀಕ್ಷೆ.

ಈ 1,000 ರೂಪಾಯಿಯೆಲ್ಲವೂ ಸಂಶೋಧನೆಯ ಫಲವಲ್ಲ. ಎಂಜಿನಿಯರರ ದುಡಿಮೆ, ಮೇಸ್ತ್ರಿಯ ಕೈಗುಣ, ಮಾಲೀಕರ ಎಚ್ಚರ ಇವೂ ಅದರಲ್ಲಿವೆ. ಸಂಶೋಧನೆಯ ಪಾಲು ಹತ್ತರಲ್ಲಿ ಒಂದೇ ಎಂದು ಕಡಿಮೆ ಹಿಡಿದರೂ ಪಟ್ಟಿಯಿರುವ ಪ್ರತಿ ಮನೆಗೆ ವರ್ಷಕ್ಕೆ 100 ರೂಪಾಯಿ. ನಮ್ಮ ಖರ್ಚು ಮನೆಗೆ 27. ಅಂದರೆ ನಾಲ್ಕು ಮನೆಗಳಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ಮನೆಗಳು ಪಟ್ಟಿ ಹಾಕಿಸಿದರೆ ಹಾಕಿದ ಖರ್ಚು ವಾಪಸಾಗುತ್ತದೆ. ಪೃಥ್ವಿಯ ಮೊತ್ತದಲ್ಲಿ ಭೂಕಂಪದ ಪಾಲು ಐದರಲ್ಲಿ ಒಂದು ಎಂದು ಹಿಡಿದರೆ ಹದಿನೆಂಟು ಮನೆಗೆ ಒಂದು ಸಾಕು. ಈ ಸಾಲನ್ನು ಲೆಕ್ಕದಲ್ಲಿ ಅಡಿಗೆರೆ ಹಾಕಿ ಬರೆಯಬೇಕು, ಏಕೆಂದರೆ ಸಂಶೋಧನೆಯ ಬೆಲೆ ಪ್ರಯೋಗಾಲಯದ ಕಡೆಯಿಂದಷ್ಟೇ ನಿರ್ಧಾರವಾಗುವುದಿಲ್ಲ, ಎಷ್ಟು ಮನೆಗಳು ಅದನ್ನು ಕೈಗೆತ್ತಿಕೊಂಡವು ಎಂಬುದರಿಂದಲೂ ಆಗುತ್ತದೆ. ನಾಗಮಂಗಲದಲ್ಲಿ ಅಥವಾ ಹೆಗ್ಗಡದೇವನಕೋಟೆಯಲ್ಲಿ ಮೇಸ್ತ್ರಿಗಳಿಗೆ ಒಂದು ದಿನದ ತರಬೇತಿ ಕೊಡುವುದಕ್ಕೆ ಆಗುವ ಅಲ್ಪ ಖರ್ಚು ದೆಹಲಿಯಲ್ಲಿ ಮಾಡಿದ ಖರ್ಚಿನ ಫಲವನ್ನು ಹಲವು ಪಟ್ಟು ಹೆಚ್ಚಿಸಬಲ್ಲದು.

ಒಂದು ಎಚ್ಚರಿಕೆ. ಎರಡನೇ ವಲಯದಲ್ಲಿ ನಿರೀಕ್ಷಿಸುವ ಅಲುಗಾಟ ಮಂದವಾದದ್ದು. ಚೆನ್ನಾಗಿ ಕಟ್ಟಿದ ಇಟ್ಟಿಗೆ ಮನೆಗೆ 30 ಶೇಕಡಾ ಹಾನಿ ಎಂಬುದು ಹೆಚ್ಚೇ ಆಯಿತು. ಹಾನಿಯ ಅಂಕಿಗಳನ್ನೆಲ್ಲ ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಮಾಡಿದರೆ ವರ್ಷದ ಉಳಿತಾಯ 900, ನಿವ್ವಳ ಲಾಭ 140 ಮಾತ್ರ ಉಳಿಯುತ್ತದೆ. ಹಳೆಯ ಮಣ್ಣಿನ ಗೋಡೆ ಅಥವಾ ಮಣ್ಣಿನ ಗಾರೆಯ ಕಲ್ಲುಗೋಡೆಯ ಮನೆಗಾದರೋ ಮೊದಲಿನ ಅಂಕಿಗಳೇ ಹೊಂದುತ್ತವೆ. ಯಾವ ಜಿಲ್ಲೆಯಲ್ಲಿ ಯಾವ ಬಗೆಯ ಗೋಡೆ, ಯಾವ ಬಗೆಯ ಚಾವಣಿಯ ಮನೆಗಳು ಎಷ್ಟಿವೆ ಎಂಬುದನ್ನು ಜನಗಣತಿಯ ಆಧಾರದ ಮೇಲೆ ಕೊಡುವ ‘ಭಾರತದ ದುರ್ಬಲತಾ ಅಟ್ಲಾಸ್’ ಕೂಡ ಸಾರ್ವಜನಿಕ ಹಣದಿಂದಲೇ ತಯಾರಾದದ್ದು. 1997, 2006 ಮತ್ತು 2019ರಲ್ಲಿ ಅದರ ಆವೃತ್ತಿಗಳು ಬಂದಿವೆ. ನಿಮ್ಮ ಜಿಲ್ಲೆಯ ಪುಟವನ್ನು ತೆಗೆದು, ಪ್ರತಿ ಬಗೆಯ ಮನೆಗೂ ಬೇರೆ ಬೇರೆ ಹಾನಿಯ ಅಂಕಿ ಹಾಕಿ ಕೂಡಿಸಿದರೆ ಲೆಕ್ಕ ಹೆಚ್ಚು ನಿಜವಾಗುತ್ತದೆ.

ಸಂಭವದ ಅಂಕಿಯ ಬಗ್ಗೆ ನಂಬಿಕೆ ಬಾರದವರು ವಿಮೆಯ ಕಂತನ್ನು ನೋಡಬಹುದು. 2021ರ ಏಪ್ರಿಲಿನಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಎಂಬ ಪ್ರಮಾಣಿತ ಮನೆ ವಿಮೆಯಲ್ಲಿ ಭೂಕಂಪವೂ ಸೇರಿದೆ. ಒಂದೇ ಬೆಲೆಯ ಮನೆಗೆ ಮೈಸೂರಿನಲ್ಲೂ, ಹೆಚ್ಚು ಅಪಾಯದ ಐದನೇ ವಲಯದಲ್ಲಿರುವ ಗುಜರಾತಿನ ಭುಜ್‌ನಲ್ಲೂ ಕಂತು ಎಷ್ಟು ಎಂದು ವಿಮಾ ಕಂಪನಿಯನ್ನು ಕೇಳಿ, ವ್ಯತ್ಯಾಸವಿದ್ದರೆ ಅದನ್ನು ಲೆಕ್ಕದ ಬದಿಯಲ್ಲಿ ಬರೆದುಕೊಳ್ಳಿ. ಸಾರ್ವಜನಿಕ ನಕ್ಷೆಗೆ ಮಾರುಕಟ್ಟೆ ತಾನಾಗಿ ಕಟ್ಟಿದ ಬೆಲೆ ಅದು.

ಬೇಡದ ಕಂಬಿಯನ್ನು ಉಳಿಸಿದ ಲೆಕ್ಕ

ನಮ್ಮಂಥ ಕಡಿಮೆ ಅಪಾಯದ ಸೀಮೆಯಲ್ಲಿ ಸಂಶೋಧನೆಯ ದೊಡ್ಡ ಲಾಭ ಇರುವುದು ಎಷ್ಟು ಬಲ ಸಾಕು ಎಂದು ಧೈರ್ಯವಾಗಿ ಹೇಳುವುದರಲ್ಲಿ ಎಂದು ನಾನು ನಂಬಿದ್ದೇನೆ. ಐಎಸ್ 1893ರ 2016ರ ಆವೃತ್ತಿಯಲ್ಲಿ ಎರಡನೇ ವಲಯಕ್ಕೆ 0.10, ಮೂರನೆಯದಕ್ಕೆ 0.16, ನಾಲ್ಕನೆಯದಕ್ಕೆ 0.24, ಐದನೆಯದಕ್ಕೆ 0.36 ಎಂಬ ವಲಯಾಂಕಗಳಿವೆ. ಭೂಕಂಪದಲ್ಲಿ ಕಟ್ಟಡವನ್ನು ಅಡ್ಡಕ್ಕೆ ತಳ್ಳುವ ಬಲವನ್ನು ಈ ಅಂಕಗಳ ಅನುಪಾತದಲ್ಲಿ ಹಿಡಿಯುತ್ತಾರೆ. ನಕ್ಷೆಯೇ ಇಲ್ಲದೆ ಎಲ್ಲರೂ ಭಯಕ್ಕೆ ಒಂದು ಹಂತ ಮೇಲಿನ ಬಲಕ್ಕೆ ವಿನ್ಯಾಸ ಮಾಡಿದ್ದರೆ ಅಡ್ಡಬಲ 60 ಶೇಕಡಾ ಹೆಚ್ಚುತ್ತಿತ್ತು. ಮೈಸೂರಿನ ಒಂದು ನಾಲ್ಕಂತಸ್ತಿನ ಅಪಾರ್ಟ್‌ಮೆಂಟಿಗೆ 3 ಕೋಟಿ ಖರ್ಚು ಎಂದುಕೊಂಡು, ಅದರಲ್ಲಿ 2 ಶೇಕಡಾ ಹೆಚ್ಚುವರಿ ಕಂಬಿ, ಕಾಂಕ್ರೀಟಿಗೆ ಹೋಗುತ್ತಿತ್ತು ಎಂದು ಹಿಡಿದರೆ ಕಟ್ಟಡಕ್ಕೆ 6 ಲಕ್ಷ. ವರ್ಷಕ್ಕೆ ಅಂಥ 100 ಕಟ್ಟಡ ಎದ್ದರೆ 6 ಕೋಟಿ. ಎರಡೂ ಜಿಲ್ಲೆಗಳ ಗರಿಷ್ಠ ಪಾಲು 3.3 ಕೋಟಿಯೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಆ 2 ಶೇಕಡಾ ಎಂಬುದು ಊಹೆಯಾಗಿ ಉಳಿಯಬೇಕಿಲ್ಲ. ಪರಿಚಯದ ಸ್ಟ್ರಕ್ಚರಲ್ ಎಂಜಿನಿಯರರ ಬಳಿ ಹೋಗಿ, ಅವರು ಈಗಾಗಲೇ ಕಟ್ಟಡ ವಿನ್ಯಾಸದ ತಂತ್ರಾಂಶಗಳಾದ ಇಟ್ಯಾಬ್ಸ್ ಅಥವಾ ಸ್ಟಾಡ್‌ನಲ್ಲಿ ಮಾಡಿರುವ ಒಂದು ವಿನ್ಯಾಸದಲ್ಲಿ ವಲಯಾಂಕವನ್ನು ಮಾತ್ರ 0.10ರಿಂದ 0.16ಕ್ಕೆ ಬದಲಿಸಿ ಕಂಬಿಯ ತೂಕ ಎಷ್ಟು ಹೆಚ್ಚಿತು ಎಂದು ತೋರಿಸುವಂತೆ ವಿನಂತಿಸಿಕೊಳ್ಳಬಹುದು. ತಗ್ಗಿನ ಕಟ್ಟಡಗಳಲ್ಲಿ ಕಟ್ಟಡದ ಸ್ವಂತ ಭಾರವೇ ವಿನ್ಯಾಸವನ್ನು ನಿರ್ಧರಿಸುವುದರಿಂದ ವ್ಯತ್ಯಾಸ ಬಹಳ ಕಡಿಮೆಯೂ ಬರಬಹುದು. ಆಗ ಬಂದ ಅಂಕಿಯನ್ನೇ ಹಾಕಬೇಕು.

ಇದೇ ತಿಳಿವಳಿಕೆ ಕೆಲವು ಕಡೆ ಹೆಚ್ಚು ಖರ್ಚು ಮಾಡಿ ಎಂದೂ ಹೇಳುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ, ನೆಲಮಹಡಿಯನ್ನು ಗೋಡೆಯಿಲ್ಲದೆ ವಾಹನ ನಿಲುಗಡೆಗೆ ಬಿಟ್ಟಿದ್ದ ಬಹುಮಹಡಿ ಕಟ್ಟಡಗಳು ಕುಸಿದವು. ಆ ಭೂಕಂಪದಲ್ಲಾದ ಆಸ್ತಿ ನಷ್ಟವನ್ನು ವಿಶ್ವಬ್ಯಾಂಕ್ ಮತ್ತು ಏಷ್ಯಾ ಅಭಿವೃದ್ಧಿ ಬ್ಯಾಂಕ್ ಸುಮಾರು 9,900 ಕೋಟಿ ರೂಪಾಯಿಯೆಂದು ಅಂದಾಜಿಸಿದ್ದವು. ಮೈಸೂರಿನಲ್ಲಿ ಇಂದು ಏಳುತ್ತಿರುವ ಬಾಡಿಗೆ ಕಟ್ಟಡಗಳಲ್ಲಿ ಹೀಗೆ ನೆಲಮಹಡಿಯನ್ನು ಬರೀ ಕಂಬಗಳ ಮೇಲೆ ಬಿಡುವ ಸ್ಟಿಲ್ಟ್ ಪಾರ್ಕಿಂಗ್ ಸಾಮಾನ್ಯವಾಗಿದೆ. ಕೆರೆಯಂಗಳವನ್ನು ತುಂಬಿಸಿ ಮಾಡಿದ ಬಡಾವಣೆಯಲ್ಲಿ ಅಂಥದನ್ನು ಕಟ್ಟುವವರು ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕು: ಮೆದು ಮಣ್ಣು ಅಲುಗಾಟವನ್ನು ಹೆಚ್ಚಿಸುತ್ತದೆ, ಗೋಡೆಯಿಲ್ಲದ ನೆಲಮಹಡಿ ಅದನ್ನು ತಡೆಯಲಾರದು. ಚಾಮುಂಡಿ ಬೆಟ್ಟದ ಬದಿಯ ಗಟ್ಟಿ ಬಂಡೆಯ ಮೇಲೆ ಉಳಿಸಿದ ಹಣದ ಒಂದಂಶವನ್ನು ಇಲ್ಲಿನ ಕಂಬಗಳಿಗೆ ಹಾಕುವುದು ಜಾಣತನ.

ಕನ್ನಂಬಾಡಿಯ ಲೆಕ್ಕ

ಮಂಡ್ಯ ಜಿಲ್ಲೆಯ ಯಾವ ಲೆಕ್ಕವೂ ಕೃಷ್ಣರಾಜಸಾಗರವನ್ನು ಬಿಟ್ಟು ಪೂರ್ಣವಾಗದು. 1911ರಲ್ಲಿ ಆರಂಭವಾಗಿ ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಲ್ಲಿ ಕಟ್ಟಿದ, ಸುಮಾರು 40 ಮೀಟರ್ ಎತ್ತರದ ಈ ಅಣೆಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸಾಮರ್ಥ್ಯ 49.45 ಟಿಎಂಸಿ. ವಿಶ್ವೇಶ್ವರಯ್ಯ ನಾಲೆಯ ಕಬ್ಬು ಭತ್ತದಿಂದ ಹಿಡಿದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಹೋಗುವ ಕುಡಿಯುವ ನೀರಿನವರೆಗೆ ಎಲ್ಲವೂ ಇದನ್ನು ನೆಚ್ಚಿವೆ. ಇಲ್ಲಿ ಅಣೆಕಟ್ಟೆ ಒಡೆದರೆ ಆಗುವ ನಷ್ಟವನ್ನು ಎಣಿಸಲು ಹೋಗಬಾರದು ಎಂಬುದು ನನ್ನ ದೃಢವಾದ ಸಲಹೆ. ಅದರ ಸಂಭವದ ಅಂಕಿ ನಮ್ಮ ಕೈಯಲ್ಲಿಲ್ಲ, ಆಧಾರವಿಲ್ಲದ ಅಂಕಿ ಜನರಲ್ಲಿ ಭೀತಿ ಹುಟ್ಟಿಸುತ್ತದೆ. ಎಣಿಸಬಹುದಾದ, ಎಣಿಸಬೇಕಾದ ಸಂಗತಿ ಬೇರೊಂದಿದೆ: ತಿಳಿಯದಿರುವುದಕ್ಕೆ ನಾವು ತೆರುವ ಬೆಲೆ.

1967ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕೊಯ್ನಾದಲ್ಲಿ 6.3 ಪ್ರಮಾಣದ ಭೂಕಂಪವಾಗಿ ಅಲ್ಲಿನ 103 ಮೀಟರ್ ಎತ್ತರದ ಅಣೆಕಟ್ಟೆಯಲ್ಲಿ ಬಿರುಕು ಬಿಟ್ಟಿತು, ಅಣೆಕಟ್ಟೆಯನ್ನು ಆಮೇಲೆ ಬಲಪಡಿಸಬೇಕಾಯಿತು. ಜಲಾಶಯದ ನೀರೇ ಕಂಪನವನ್ನು ಪ್ರಚೋದಿಸಬಲ್ಲದು ಎಂಬ ವಿಷಯ ಜಗತ್ತಿನ ವಿಜ್ಞಾನಿಗಳ ಗಮನಕ್ಕೆ ಬಂದ ಪ್ರಮುಖ ನಿದರ್ಶನಗಳಲ್ಲಿ ಅದೊಂದು. ಇಂದಿಗೂ ಅಲ್ಲಿ ಸರ್ಕಾರಿ ಹಣದಿಂದ ಆಳದ ಕೊಳವೆ ಕೊರೆದು ಅಧ್ಯಯನ ನಡೆಯುತ್ತಿದೆ. ಇಂಥ ಪ್ರಚೋದಿತ ಕಂಪನ ಸಾಮಾನ್ಯವಾಗಿ 100 ಮೀಟರಿಗೂ ಮಿಕ್ಕಿದ ಆಳದ ಜಲಾಶಯಗಳಲ್ಲಿ ಹೆಚ್ಚು ಕಾಣುತ್ತದೆ ಎಂಬ ತಿಳಿವಳಿಕೆ ಕನ್ನಂಬಾಡಿಯ ಮಟ್ಟಿಗೆ ಸಮಾಧಾನದ ಸಂಗತಿ. ಆ ಸಮಾಧಾನಕ್ಕೂ ಬೆಲೆಯಿದೆ.

ನಮ್ಮಲ್ಲಿ ವಿವಾದ ಹುಟ್ಟಿದ್ದು ಭೂಕಂಪದಿಂದಲ್ಲ, ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ಸುತ್ತಲ ಕಲ್ಲು ಗಣಿಗಳ ಸಿಡಿತದಿಂದ. 2018ರಲ್ಲಿ ಕೇಳಿಬಂದ ಭಾರಿ ಸದ್ದಿನ ನಂತರ ಪ್ರಶ್ನೆ ಗಂಭೀರವಾಯಿತು. ಸಿಡಿತದ ಅಲೆಗೂ ಭೂಕಂಪದ ಅಲೆಗೂ ಮಾಪಕದ ದಾಖಲೆಯಲ್ಲಿ ರೂಪಭೇದವಿರುತ್ತದೆ. ಅದನ್ನು ಗುರುತಿಸುವ ವಿದ್ಯೆ ಭೂಕಂಪ ಸಂಶೋಧನೆಯಿಂದಲೇ ಬಂದದ್ದು. 2024ರ ಜನವರಿಯಲ್ಲಿ ರಾಜ್ಯ ಹೈಕೋರ್ಟ್, ಅಗತ್ಯ ಅಧ್ಯಯನ ಮುಗಿಯುವವರೆಗೆ ಅಣೆಕಟ್ಟೆಯ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು. ಗಣಿ ನಿಂತರೆ ಕೂಲಿಯವರಿಗೆ, ಲಾರಿಯವರಿಗೆ, ಜಲ್ಲಿ ಕೊಳ್ಳುವವರಿಗೆ ನಷ್ಟ. ನಿಲ್ಲದಿದ್ದರೆ ಅಣೆಕಟ್ಟೆಯ ಬಗ್ಗೆ ರೈತರ ಆತಂಕ. ಎರಡು ಕಡೆಯೂ ಹಣವಿದೆ, ನಡುವೆ ಇರಬೇಕಾದದ್ದು ಅಳತೆ. ಲೆಕ್ಕವನ್ನು ಹೀಗೆ ಬರೆಯಬಹುದು: ಆ ವ್ಯಾಪ್ತಿಯಲ್ಲಿ ದಿನವೊಂದಕ್ಕೆ ಹೊರಡುತ್ತಿದ್ದ ಕಲ್ಲು ಜಲ್ಲಿಯ ಬೆಲೆ ಎಷ್ಟು, ಈಗ ದೂರದಿಂದ ತರಿಸುವುದರಿಂದ ಟನ್ನಿಗೆ ಎಷ್ಟು ಹೆಚ್ಚಾಯಿತು, ಸ್ಪಷ್ಟವಾದ ಕಂಪನ ದಾಖಲೆ ಹತ್ತು ವರ್ಷ ಮೊದಲೇ ಇದ್ದಿದ್ದರೆ ಯಾವ ಗಣಿಗಳನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬಹುದು ಎಂಬುದು ಎಷ್ಟು ಬೇಗ ತೀರ್ಮಾನವಾಗುತ್ತಿತ್ತು. ವಿಳಂಬದ ದಿನಗಳನ್ನು ದಿನದ ನಷ್ಟದಿಂದ ಗುಣಿಸಿದರೆ ಮಾಪಕದ ದಾಖಲೆಗೆ ಇರುವ ಬೆಲೆ ಸಿಗುತ್ತದೆ. ಈ ಬೆಲೆ ಭೂಕಂಪವೇ ಆಗದಿದ್ದರೂ ದಕ್ಕುವಂಥದ್ದು.

ಇದೇ ರೀತಿಯಲ್ಲಿ, ಹತ್ತಿರದಲ್ಲೆಲ್ಲೋ ಕಂಪನವಾದ ದಿನ ಅಣೆಕಟ್ಟೆಯ ಬುಡದಲ್ಲಿ ನೆಲ ಎಷ್ಟು ವೇಗವರ್ಧನೆಯಿಂದ ಅಲುಗಿತು ಎಂಬ ದಾಖಲೆ ಕೈಯಲ್ಲಿದ್ದರೆ ತಪಾಸಣೆ ಬೇಗ ಮುಗಿಯುತ್ತದೆ. ಇಲ್ಲದಿದ್ದರೆ ಎಚ್ಚರಿಕೆಗೆಂದು ಮಟ್ಟ ಇಳಿಸಿ, ನಾಲೆ ನಿಲ್ಲಿಸಿ ನೋಡಬೇಕಾಗಬಹುದು. ಬೇಸಾಯದ ನಡುವೆ ನಾಲೆ ಒಂದು ವಾರ ನಿಂತರೆ ಏನಾಗುತ್ತದೆಂದು ಮದ್ದೂರಿನ ರೈತರಿಗೆ ಹೇಳಿಕೊಡಬೇಕಿಲ್ಲ. ಅಣೆಕಟ್ಟು ಸುರಕ್ಷತಾ ಕಾಯ್ದೆ, 2021, 30 ಮೀಟರ್ ಅಥವಾ ಹೆಚ್ಚು ಎತ್ತರದ ಅಣೆಕಟ್ಟೆಗಳ ಬಳಿ ಭೂಕಂಪನ ಮಾಪನ ಕೇಂದ್ರ ಇರಬೇಕೆಂದು ಮಾಲೀಕರಿಗೆ ವಿಧಿಸಿರುವುದು ಈ ಕಾರಣದಿಂದಲೇ ಸರಿಯೆನಿಸುತ್ತದೆ. ದಾಖಲೆಯ ಬೆಲೆ ವರ್ಷ ಕಳೆದಂತೆ ಬೆಳೆಯುತ್ತದೆ, ನಡುವೆ ಎರಡು ವರ್ಷ ಮಾಪಕ ಕೆಟ್ಟು ನಿಂತರೆ ಆ ಎರಡು ವರ್ಷಗಳನ್ನು ಎಷ್ಟು ಹಣ ಕೊಟ್ಟರೂ ಮತ್ತೆ ಅಳೆಯಲಾಗದು. ಆದ್ದರಿಂದ ಯಂತ್ರ ಕೊಳ್ಳುವ ಹಣಕ್ಕಿಂತ ನಿರ್ವಹಣೆಯ ಹಣವನ್ನು ಮೊದಲು ಕೇಳಬೇಕು.

ಎಣಿಸಬಾರದವು

ಭೂಕಂಪ ಯಾವ ದಿನ, ಎಲ್ಲಿ ಆಗುತ್ತದೆಂದು ಮುಂಚಿತವಾಗಿ ಹೇಳುವ ವಿದ್ಯೆ ಯಾರಲ್ಲಿಯೂ ಇಲ್ಲ. ಅದನ್ನು ಲಾಭದ ಪಟ್ಟಿಗೆ ಸೇರಿಸಬಾರದು. ಅಲೆ ಹೊರಟ ಮೇಲೆ ಕೆಲವು ಸೆಕೆಂಡುಗಳ ಮೊದಲು ಎಚ್ಚರಿಸುವ ವ್ಯವಸ್ಥೆಗಳು ಹಿಮಾಲಯದ ಸೀಮೆಗೆ ಬೇಕು, ನಮ್ಮ ಜಿಲ್ಲೆಗಳಿಗೆ ಅದರ ಬೆಲೆ ಸದ್ಯಕ್ಕೆ ಅಲ್ಪ. ವದಂತಿ ತಡೆಯುವ ಲಾಭ ಮಾತ್ರ ನಿಜವಾದದ್ದು: 2022ರ ಜೂನಿನಲ್ಲಿ ಹಾಸನ, ಕೊಡಗಿನ ಕಡೆ 3ರಿಂದ 3.5 ಪ್ರಮಾಣದ ಕಂಪನಗಳಾದಾಗ ಅವುಗಳ ಕೇಂದ್ರ ಮತ್ತು ಆಳವನ್ನು ಅಧಿಕೃತವಾಗಿ ತಿಳಿಸಲು ಸಾಧ್ಯವಾದದ್ದು ಮಾಪಕಗಳಿದ್ದುದರಿಂದ.

ಅಮೆರಿಕದ ರಾಷ್ಟ್ರೀಯ ಕಟ್ಟಡ ವಿಜ್ಞಾನ ಸಂಸ್ಥೆಯ 2019ರ ಅಧ್ಯಯನದಲ್ಲಿ ಆಧುನಿಕ ಕಟ್ಟಡ ಸಂಹಿತೆಗಳಿಗೆ ಹಾಕಿದ ಒಂದು ಡಾಲರಿಗೆ ಭೂಕಂಪದ ಬಾಬತ್ತಿನಲ್ಲಿ 12 ಡಾಲರ್ ಉಳಿಯುತ್ತದೆ ಎಂದಿದೆ. ಆ ಅನುಪಾತವನ್ನು ಎತ್ತಿ ಮಂಡ್ಯಕ್ಕೆ ಹಚ್ಚುವುದು ಸರಿಯಲ್ಲ, ಅಲ್ಲಿನ ಅಪಾಯ, ಮನೆಗಳ ಬೆಲೆ, ಸಂಹಿತೆಯ ಪಾಲನೆ ಎಲ್ಲವೂ ಬೇರೆ. ಹಾಗೆಯೇ, ಬೇಡದ ಕಂಬಿ ಉಳಿದ ಲಾಭವನ್ನೂ ಪಟ್ಟಿ ಹಾಕಿದ ಲಾಭವನ್ನೂ ಒಂದೇ ಕಟ್ಟಡಕ್ಕೆ ಎರಡು ಬಾರಿ ಬರೆಯದಂತೆ ನೋಡಿಕೊಳ್ಳಬೇಕು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ, ದೇವರಾಜ ಮಾರುಕಟ್ಟೆಯ ಭಾಗ 2016ರಲ್ಲಿ ಕುಸಿದದ್ದಕ್ಕೆ ಭೂಕಂಪ ಕಾರಣವಲ್ಲ. ಆದರೂ ಹಳೆಯ ಗಾರೆ ಕಟ್ಟಡಗಳನ್ನು ಪರೀಕ್ಷಿಸಿ ಬಲಪಡಿಸುವ ವಿಧಾನವನ್ನು ಐಎಸ್ 13935 ಎಂಬ ಮಾನಕ ಕೊಟ್ಟಿದ್ದು, ಆ ವಿಧಾನವನ್ನು ಬಳಸಿ ಉಳಿಸಿಕೊಂಡ ಪಾರಂಪರಿಕ ಕಟ್ಟಡವಿದ್ದರೆ ಅದನ್ನು ಲಾಭದ ಕಡೆ ಸೇರಿಸಬಹುದು.

ಅಂಕಿಗಳನ್ನು ಕೇಳಿ ಪಡೆಯುವುದು

ಭಾರತೀಯ ಮಾನಕಗಳನ್ನು ಮಾನಕ ಬ್ಯೂರೋದ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ವಲಯ ನಕ್ಷೆ ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಲೆಕ್ಕ ಮಾಡುವ ದಿನ ಯಾವ ಆವೃತ್ತಿ ಜಾರಿಯಲ್ಲಿದೆ ಎಂದು ಎಂಜಿನಿಯರರಿಂದ ಖಚಿತಪಡಿಸಿಕೊಳ್ಳಬೇಕು. ಉಳಿದ ಅಂಕಿಗಳಿಗೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದ ಅರ್ಜಿ ಸಾಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಬರೆಯುವಾಗ ‘ಭೂಕಂಪದ ಬಗ್ಗೆ ಮಾಹಿತಿ ಕೊಡಿ’ ಎಂದು ಸಡಿಲವಾಗಿ ಕೇಳಬಾರದು. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಎಷ್ಟು ಮಾಪಕಗಳಿವೆ, ಕಳೆದ ಐದು ವರ್ಷಗಳಲ್ಲಿ ಪ್ರತಿಯೊಂದೂ ಎಷ್ಟು ದಿನ ಕೆಲಸ ಮಾಡಿದೆ, ನಿರ್ವಹಣೆಗೆ ವರ್ಷವಾರು ಎಷ್ಟು ಖರ್ಚಾಗಿದೆ ಎಂದು ಬಿಡಿಬಿಡಿಯಾಗಿ ಕೇಳಬೇಕು. ಕಾವೇರಿ ನೀರಾವರಿ ನಿಗಮಕ್ಕೆ, ಕಂಪನವಾದ ನಂತರ ಅಣೆಕಟ್ಟೆಯನ್ನು ತಪಾಸಣೆ ಮಾಡುವ ಲಿಖಿತ ಕ್ರಮವಿದೆಯೇ, ಅದರಲ್ಲಿ ಮಾಪಕದ ದಾಖಲೆಗೆ ಸ್ಥಾನವಿದೆಯೇ ಎಂದು ಕೇಳಬೇಕು. ನಗರ ಪಾಲಿಕೆ ಅಥವಾ ಪಂಚಾಯಿತಿಗೆ, ಕಳೆದ ವರ್ಷ ಮಂಜೂರಾದ ಕಟ್ಟಡ ನಕ್ಷೆಗಳಲ್ಲಿ ಎಷ್ಟಕ್ಕೆ ಸ್ಟ್ರಕ್ಚರಲ್ ಎಂಜಿನಿಯರರ ಸಹಿಯಿತ್ತು ಎಂದು ಕೇಳಬೇಕು. ನಾಲ್ಕು ಮನೆಗೆ ಒಂದು ಎಂಬ ನಮ್ಮ ಗಡಿಯನ್ನು ಮುಟ್ಟಿದ್ದೇವೆಯೇ ಇಲ್ಲವೇ ಎಂಬುದನ್ನು ಅಂದಾಜಿಸಲು ಹತ್ತಿರದ ದಾರಿ ಅದೇ. ಬಂದ ಉತ್ತರಗಳನ್ನು ದಿನಾಂಕ, ಹಿಡಿದ ಬಡ್ಡಿದರ ಮತ್ತು ಮಾಡಿದ ಪ್ರತಿಯೊಂದು ಊಹೆಯೊಂದಿಗೆ ಒಂದೇ ಹಾಳೆಯಲ್ಲಿ ಬರೆದು, ಅದರ ಪ್ರತಿಯನ್ನು ಆಯವ್ಯಯ ಚರ್ಚೆಗೆ ಮೊದಲು ಕ್ಷೇತ್ರದ ಶಾಸಕರಿಗೆ ಮತ್ತು ಸಂಸದರಿಗೆ ತಲುಪಿಸಬೇಕು.